ಬದಲಿ ಮಾತ್ರೆ, ಬದಲಿ ಪುರೋಹಿತ

ತನ್ನ ಜಾಗಕ್ಕೆ ಇನ್ನೊಬ್ಬರು ಬಂದರೂ ಏನೂ ವ್ಯತ್ಯಾಸವಾಗುವುದಿಲ್ಲ ಎಂದು ಮನಸಾರೆ ಒಪ್ಪಿಕೊಂಡ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಬಾಯಲ್ಲಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. "ನಾನೇ ಆಗಬೇಕೆಂದೇನಿದೆ, ಯಾರು ಮಾಡಿದರೂ ಆದೀತು" ಎನ್ನುತ್ತಾರೆ. ಯಾರೋ ನಿಜವಾಗಿಯೂ ಮಾಡಿಬಿಟ್ಟರೆ ಆ ದಿನ ಅವರಿಗೆ ಊಟ ಸೇರುವುದಿಲ್ಲ. ಈ ವಿಷಯದಲ್ಲಿ ಮಾತಾಡಲು ನನಗೆ ಬೇರೆಯವರಿಗಿಂತ ಹೆಚ್ಚು ಅಧಿಕಾರವಿದೆ. ಏಕೆಂದರೆ ಒಂದರ ಬದಲಿಗೆ ಇನ್ನೊಂದನ್ನು ಕೊಟ್ಟು, "ಎರಡೂ ಒಂದೇ" ಎಂದು ಜನರನ್ನು ಒಪ್ಪಿಸುವುದೇ ನನ್ನ ಉದ್ಯೋಗ.

ನಾನು ಔಷಧಿ ಅಂಗಡಿಯವನು. ಇಂಗ್ಲಿಷರ ನಾಡಿನ ಗ್ರೀನ್‌ಫರ್ಡಿನ ಒಂದು ಅಂಗಡಿ ಸಾಲಿನಲ್ಲಿ, ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಮೀನು ಕರಿಯುವ ಅಂಗಡಿ, ಎರಡರ ನಡುವೆ ಬಿಳಿ ಕೋಟು ತೊಟ್ಟು ಕೌಂಟರಿನ ಹಿಂದೆ ನಿಂತ ಧಾರವಾಡದ ಇನಾಮದಾರ ನಾನು. ಶನಿವಾರ ನನಗೆ ರಜೆ. ಅವತ್ತು ನನ್ನ ಬದಲಿಗೆ ಫಾರ್ಮಸಿ ಓದಿದ ಹುಡುಗಿಯೊಬ್ಬಳು ಬಂದು ನಿಲ್ಲುತ್ತಾಳೆ. ಉಳಿದ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾನು ಪಾಠ ಒಪ್ಪಿಸಿದ ಹಾಗೆ ಹೇಳುವ ನಿಯಮ ಒಂದಿದೆ. ಡಾಕ್ಟರರು ಚೀಟಿಯಲ್ಲಿ ಔಷಧಿಯ ಮೂಲ ಹೆಸರನ್ನು, ಅಂದರೆ ಜೆನೆರಿಕ್ ಹೆಸರನ್ನು ಬರೆದರೆ ಯಾವ ಕಂಪನಿ ತಯಾರಿಸಿದ್ದನ್ನಾದರೂ ನಾನು ಕೊಡಬಹುದು. ಕಂಪನಿ ಇಟ್ಟ ಹೆಸರನ್ನು, ಅಂದರೆ ಬ್ರ್ಯಾಂಡ್ ಹೆಸರನ್ನು ಬರೆದರೆ ಅದನ್ನೇ ಕೊಡಬೇಕು. ಒಳಗಿರುವ ಮದ್ದು ಒಂದೇ ಎಂದು ನನಗೂ ಗೊತ್ತು, ಡಾಕ್ಟರರಿಗೂ ಗೊತ್ತು; ಆದರೂ ಅವರ ಒಪ್ಪಿಗೆಯಿಲ್ಲದೆ ನಾನು ಬದಲಾಯಿಸುವಂತಿಲ್ಲ. ಫೋನ್ ಮಾಡಿ ಕೇಳಬೇಕು. ಕೆಲವು ಔಷಧಿಗಳನ್ನು ನಿಜಕ್ಕೂ ಕಂಪನಿ ಬದಲಿಸದೆ ಕೊಡಬೇಕಾಗುತ್ತದೆ, ಅದು ಬೇರೆ ಮಾತು. ಮಿಕ್ಕವುಗಳಲ್ಲಿ ಬೇರೆಯಾಗುವುದು ಬಣ್ಣ, ಡಬ್ಬಿ ಮತ್ತು ಬೆಲೆ.

ಇದನ್ನು ನನ್ನಿಂದ ಅತಿ ಹೆಚ್ಚು ಸಲ ಕೇಳಿಸಿಕೊಂಡವರು ಮಿಸೆಸ್ ಡಾಸನ್. ಅಂಗಡಿಯ ಹಿಂದಿನ ಬೀದಿಯಲ್ಲೇ ಒಂಟಿಯಾಗಿರುವ ಮುದುಕಿ. ತಿಂಗಳಿಗೊಂದು ಸೋಮವಾರ ರಕ್ತದೊತ್ತಡದ ಮಾತ್ರೆಗೆ ಬರುತ್ತಾರೆ. ಅವರ ಡಾಕ್ಟರರು ಜೆನೆರಿಕ್ ಹೆಸರನ್ನೇ ಬರೆಯುತ್ತಾರೆ. ನಾನು ಕಪಾಟಿನಲ್ಲಿ ಯಾವ ಕಂಪನಿಯದಿದೆಯೋ ಅದನ್ನು ಕೊಡುತ್ತೇನೆ. ಮುದುಕಿ ಡಬ್ಬಿ ಬಿಚ್ಚಿ ನೋಡಿ, "ಇದು ಬಿಳಿ. ನನಗೆ ಹಳದಿಯದು ಬೇಕು. ಬಿಳಿಯದು ನನಗೆ ಒಗ್ಗುವುದಿಲ್ಲ" ಎನ್ನುತ್ತಾರೆ. ನಾನು ಕನ್ನಡಕ ಸರಿಮಾಡಿಕೊಂಡು ಶುರುಮಾಡುತ್ತೇನೆ. ಅವರು ಕೈಚೀಲವನ್ನು ಕೌಂಟರಿನ ಮೇಲಿಟ್ಟು, ತಲೆದೂಗುತ್ತಾ ಕೊನೆಯವರೆಗೂ ಕೇಳುತ್ತಾರೆ. "ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ" ಎಂದು ಬಿಳಿ ಮಾತ್ರೆಯನ್ನೇ ಒಯ್ಯುತ್ತಾರೆ. ಮುಂದಿನ ತಿಂಗಳು ಬಂದು ಮತ್ತೆ, "ಬಿಳಿಯದು ನನಗೆ ಒಗ್ಗುವುದಿಲ್ಲ." ಪಾಪ, ವಯಸ್ಸಾಯಿತು, ನೆನಪು ನಿಲ್ಲುವುದಿಲ್ಲ ಎಂದು ನಾನು ಮೊದಲಿನಿಂದ ಹೇಳುತ್ತಿದ್ದೆ.

ಮಿಸೆಸ್ ಡಾಸನ್ ಅವರನ್ನಾದರೂ ಮಾತಿನಲ್ಲಿ ಒಪ್ಪಿಸಬಹುದಿತ್ತು. ಒಪ್ಪದೆ ಇದ್ದವರು ನಮ್ಮ ಡಾಕ್ಟರ್ ಸೀತಾರಾಮಯ್ಯನವರು. ಮೈಸೂರಿನವರು, ಅಂಗಡಿಯ ಹತ್ತಿರವೇ ಅವರ ಸರ್ಜರಿ, ದವಾಖಾನೆಗೆ ಇಲ್ಲಿ ಹಾಗೆನ್ನುತ್ತಾರೆ; ಮನೆ ಪಿನ್ನರಿನಲ್ಲಿ. ಬಹಳ ಒಳ್ಳೆಯವರು, ಒಳ್ಳೆಯ ಕೈಗುಣ. ಆದರೆ ತಲೆನೋವಿಗೂ ಬ್ರ್ಯಾಂಡ್ ಹೆಸರು ಬಿಟ್ಟು ಬರೆದವರಲ್ಲ. ತೊಂಬತ್ತರ ದಶಕದಲ್ಲಿ ಅವರು ಕೈಯಲ್ಲಿ ಬರೆಯುತ್ತಿದ್ದಾಗ ನನಗೆ ಒಂದು ಉಪಾಯವಿತ್ತು. ಅವರ ಅಕ್ಷರ ಅವರಿಗೇ ತಿಳಿಯುತ್ತಿರಲಿಲ್ಲ. ನಾನು ಫೋನ್ ಮಾಡಿ, "ಸಾರ್, ಅಕ್ಷರ ಸರಿಯಾಗಿ ಕಾಣ್ತಿಲ್ಲ, ಇದು ಇಂಥದ್ದಾ?" ಎಂದು ಮೆಲ್ಲಗೆ ಜೆನೆರಿಕ್ ಹೆಸರು ಹೇಳುತ್ತಿದ್ದೆ. ಎದುರಿಗೆ ರೋಗಿ ಕೂತಿರುವಾಗ ಅವರಿಗೂ ಪುರುಸೊತ್ತಿರುತ್ತಿರಲಿಲ್ಲ. "ಹೂಂ, ಕೊಡಿ ಕೊಡಿ" ಎಂದು ಫೋನ್ ಇಡುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಚೀಟಿಯ ಮೇಲೆ ಕಪ್ಪು ಗೆರೆಗಳ ಬಾರ್‌ಕೋಡ್ ಬಂತು. ನಾನು ಅದರ ಮೇಲೆ ಕೆಂಪು ಬೆಳಕು ಹಾಯಿಸಿದರೆ ಸಾಕು, ಡಾಕ್ಟರರು ತಮ್ಮ ಕೋಣೆಯಲ್ಲಿ ಕೂತು ಟೈಪು ಮಾಡಿದ್ದು ನನ್ನ ಪರದೆಯ ಮೇಲೆ ಮುತ್ತು ಪೋಣಿಸಿದ ಹಾಗೆ ಮೂಡುತ್ತಿತ್ತು. ಅಕ್ಷರ ಕಾಣುತ್ತಿಲ್ಲ ಎನ್ನುವ ನೆಪ ಅಂದಿಗೆ ಮುಗಿಯಿತು. ಡಾಕ್ಟರರ ಕಂಪ್ಯೂಟರಿಗೂ ಸ್ವಲ್ಪ ಬುದ್ಧಿ ಕಲಿಸಿದ್ದರು, ಬ್ರ್ಯಾಂಡ್ ಹೆಸರು ಟೈಪು ಮಾಡಿದ ಕೂಡಲೇ "ಜೆನೆರಿಕ್ ಆಗಬಹುದೇ?" ಎಂದು ಅದು ವಿನಯದಿಂದ ಕೇಳುತ್ತಿತ್ತು. ನಮ್ಮವರು ಪ್ರತಿ ಸಲವೂ "ಬೇಡ" ಒತ್ತುತ್ತಿದ್ದರು. ಆ ಬ್ರ್ಯಾಂಡ್ ನನ್ನ ಬಳಿ ಇರುತ್ತಿರಲಿಲ್ಲ. ರೋಗಿ ಕುರ್ಚಿಯಲ್ಲಿ ಕೂತು ಕೆಮ್ಮುತ್ತಿದ್ದ. ನಾನು ಫೋನ್ ಹಿಡಿದು, ಅವರ ಸರ್ಜರಿಯವರು ಕಾಯಿಸುವಾಗ ಹಾಕುವ ಸಂಗೀತ ಕೇಳುತ್ತಾ ನಿಲ್ಲುತ್ತಿದ್ದೆ. ಕೊನೆಗೆ ಅವರು ಸಿಕ್ಕಿ, "ಇನಾಮದಾರ್ರೇ, ನಾನೇನು ಬರೆದಿದೀನೋ ಅದನ್ನ ಕೊಡಿ. ಒಳಗಿರೋದು ಒಂದೇ ಇರಬಹುದು. ಆದ್ರೆ ಆ ಹೆಸರಿದ್ರೇನೇ ನನಗೆ ಸಮಾಧಾನ" ಎನ್ನುತ್ತಿದ್ದರು. ಓದಿದ ಡಾಕ್ಟರರಿಗೂ ಮಿಸೆಸ್ ಡಾಸನ್‌ಗೂ ಏನು ವ್ಯತ್ಯಾಸ ಎಂದು ನಾನು ಮನೆಯಲ್ಲಿ ಹೆಂಡತಿ ಸುಧಾಳ ಮುಂದೆ ಹಾರಾಡುತ್ತಿದ್ದೆ.

ಹೀಗಿರುವಾಗ ಡಾಕ್ಟರರು ಪಿನ್ನರಿನಲ್ಲೇ ಹೊಸ ಮನೆ ಕೊಂಡರು. ಅವರ ತಾಯಿ ಪುಟ್ಟಲಕ್ಷ್ಮಮ್ಮನವರು ಮೈಸೂರಿನಿಂದ ಬಂದಿದ್ದರು. ಮಗ ಪರದೇಶದಲ್ಲಿ ಸ್ವಂತ ಮನೆ ಮಾಡಿದರೆ ಆ ಮನೆಯಲ್ಲೇ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆ ಎಂದು ಅವರು ಎಂದೋ ಹೊತ್ತ ಹರಕೆ. ಮನೆಯ ಕಾಗದಪತ್ರ ತಡವಾಗಿ, ವೀಸಾ ಮುಗಿಯುತ್ತ ಬಂದು, ಪೂಜೆ ಒಂದು ಭಾನುವಾರಕ್ಕೆ ಗೊತ್ತಾಯಿತು. ಮಾರನೆಯ ದಿನ ಅಮ್ಮನವರ ವಿಮಾನ. ಪೂಜೆ ಮಾಡಿಸಲು ಯಾರು ಬೇಕೆಂದು ಕನ್ನಡ ಸಂಘದವರು ಕೇಳಿದ್ದಕ್ಕೆ ಡಾಕ್ಟರರು ತಮ್ಮ ಸ್ವಭಾವದ ಪ್ರಕಾರ ಹೆಸರು ಹಿಡಿದೇ ಹೇಳಿದ್ದರು: ಉಡುಪಿ ಕಡೆಯ ಭಟ್ಟರೇ ಆಗಬೇಕು, ಬೇರೆಯವರು ಬೇಡ.

ನಾನು, ಸುಧಾ, ಮಗಳು ಅನಘಾ ಮೂವರೂ ಹೋಗಿ ಕೂತೆವು. ಮಂಟಪ ಕಟ್ಟಿತ್ತು, ಕಲಶ ಇಟ್ಟಿತ್ತು, ಅಡುಗೆಮನೆಯಿಂದ ರವೆ ಹುರಿದ ತುಪ್ಪದ ವಾಸನೆ ಹೊರಗಿನವರೆಗೂ ಬರುತ್ತಿತ್ತು. ಭಟ್ಟರು ಮಾತ್ರ ಬರಲಿಲ್ಲ. ಹಿಂದಿನ ದಿನ ಲೆಸ್ಟರಿನ ಒಂದು ಮದುವೆಗೆ ಹೋಗಿದ್ದವರು ಬರುವಾಗ ಮೋಟರ್‌ವೇಯಲ್ಲಿ ಕಾರು ಕೆಟ್ಟು ನಿಂತಿದ್ದಾರೆ ಎಂದು ಫೋನ್ ಬಂತು. ಕಾದೆವು. ಮಧ್ಯಾಹ್ನವಾಯಿತು. ಅಮ್ಮನವರು ಮಂಟಪದ ಎದುರು ಜರಿಸೀರೆಯುಟ್ಟು ಕೂತಿದ್ದರು. ಆಗ ಡಾಕ್ಟರರು ನನ್ನನ್ನು ಪಕ್ಕಕ್ಕೆ ಕರೆದರು. "ಅಮ್ಮ ಬೆಳಿಗ್ಗೆ ಸಕ್ಕರೆ ಕಾಯಿಲೆ ಮಾತ್ರೆ ನುಂಗಿಬಿಟ್ಟಿದಾರೆ ಕಣ್ರೀ, ಹೊಟ್ಟೆಗೇನೂ ತಗೊಂಡಿಲ್ಲ. ಪ್ರಸಾದ ಆಗೋವರೆಗೆ ಏನೂ ಮುಟ್ಟಲ್ಲ ಅಂತ ಕೂತಿದಾರೆ. ಹಾಲು ಕೊಟ್ರೆ ಬೇಡ ಅಂತಾರೆ." ಅವರ ಮುಖ ನೋಡಿ ನನಗೂ ಭಯವಾಯಿತು. ಆ ಮಾತ್ರೆ ನುಂಗಿ ಉಪವಾಸ ಕೂತರೆ ರಕ್ತದಲ್ಲಿ ಸಕ್ಕರೆ ಇಳಿದು ಎಚ್ಚರ ತಪ್ಪಬಹುದೆಂದು ಇಬ್ಬರಿಗೂ ಗೊತ್ತಿತ್ತು. ಅಮ್ಮನವರ ಹಣೆಯಲ್ಲಿ ಆಗಲೇ ಬೆವರು ಹನಿಯುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಸುಧಾಳ ದನಿ ಕೇಳಿತು. "ನಮ್ಮನಿಯವರಿಗೆ ಬರ್ತದರೀ. ಇವರ ಅಪ್ಪಾರು ಧಾರವಾಡದಾಗ ಹುಣ್ಣಿಮಿಗೆ ಮನಿಮನಿಗೆ ಹೋಗಿ ಸತ್ಯನಾರಾಯಣ ಮಾಡಸ್ತಿದ್ರು. ಇವರು ಸಂಗಟ ಹೋಗಿ ಘಂಟಿ ಬಾರಸ್ತಿದ್ರು."

ಘಂಟೆ ಬಾರಿಸಿದ್ದು ನಿಜ. ಕಿವಿಗೆ ಬಿದ್ದದ್ದು ಸ್ವಲ್ಪ ಉಳಿದಿದೆ, ಅದೂ ನಿಜ. ಅಮ್ಮನವರು ಮೈಸೂರಿನಿಂದ ತಂದ ಪೂಜೆಯ ಪುಸ್ತಕವೂ ಮುಂದೆಯೇ ಇತ್ತು. ಆದರೂ ನನ್ನ ಒಳಗಿನ ಔಷಧಿ ಅಂಗಡಿಯವನು ಎದ್ದು ನಿಂತ. "ಹಾಗಾಗುವುದಿಲ್ಲ. ಇವರು ಹೆಸರು ಹಿಡಿದು ಭಟ್ಟರನ್ನೇ ಕೇಳಿದ್ದಾರೆ. ಒಪ್ಪಿಗೆಯಿಲ್ಲದೆ ಬದಲಿ ಕೂರುವಂತಿಲ್ಲ" ಎಂದೆ. ಅನಘಾ ಎಲ್ಲರಿಗೂ ಕೇಳುವಂತೆ, "ಡ್ಯಾಡ್, ಯೂ ಆರ್ ದಿ ಜೆನೆರಿಕ್!" ಎಂದು ಕಿಸಕ್ಕನೆ ನಕ್ಕಳು.

ನಾನು ನಿಯಮದ ಪ್ರಕಾರವೇ ಭಟ್ಟರಿಗೆ ಫೋನ್ ಮಾಡಿದೆ. ಲಾರಿಗಳ ಸದ್ದಿನ ನಡುವೆ ಅವರು, "ಮಾಡಿಸಿ ಮಾರಾಯ್ರೇ, ನಂದೇನೂ ಅಡ್ಡಿ ಇಲ್ಲ. ಕಥೆ ಮಾತ್ರ ಐದೂ ಅಧ್ಯಾಯ ಓದಿ, ಹಾರಿಸ್ಬೇಡಿ" ಎಂದರು. ಇನ್ನು ಉಳಿದದ್ದು ಅಮ್ಮನವರ ಒಪ್ಪಿಗೆ. ಹೋಗಿ ಎದುರಿಗೆ ಕೂತು, "ಅಮ್ಮಾ, ನಾನು ಮಾತ್ರೆ ಮಾರುವವನು. ಪುರೋಹಿತನಲ್ಲ. ನಿಮಗೆ ನಡೆಯುತ್ತದೆಯೇ?" ಎಂದು ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಪೂಜೇಲಿ ದೇವರಿಗೆ ವಸ್ತ್ರ ಇಲ್ಲದಿದ್ರೆ ಏನು ಮಾಡ್ತೀವಪ್ಪಾ? ವಸ್ತ್ರಾರ್ಥೇ ಅಕ್ಷತಾನ್ ಅಂತ ಎರಡು ಕಾಳು ಅಕ್ಷತೆ ಹಾಕ್ತೀವಿ. ಒಡವೆ ಇಲ್ಲದಿದ್ರೂ ಅಕ್ಷತೆ. ದೇವರು ಯಾವತ್ತಾದ್ರೂ ಬೇಡ ಅಂದಿದಾನಾ? ಭಟ್ಟರು ಇಲ್ಲ, ಅವರ ಬದಲಿಗೆ ನೀನೇ ಅಕ್ಷತೆ. ಕೂತ್ಕೋ" ಎಂದರು. ಇಷ್ಟು ವರ್ಷ ಕೌಂಟರಿನಲ್ಲಿ ನಾನು ಕೊರೆದದ್ದನ್ನು ಅವರು ಎರಡು ಕಾಳು ಅಕ್ಷತೆಯಲ್ಲಿ ಮುಗಿಸಿದ್ದರು.

ಮಣೆಯ ಮೇಲೆ ಕೂತೆ. ಡಾಕ್ಟರರು ಮಡಿಯುಟ್ಟು ಎದುರಿಗೆ ಕೂತರು. ಪುಸ್ತಕದಲ್ಲಿ ಗೋದಾವರಿಯ ದಕ್ಷಿಣ ತೀರ ಎಂದಿದ್ದ ಕಡೆ ಥೇಮ್ಸ್ ನದಿಯ ಉತ್ತರ ತೀರ ಎಂದು ಬದಲಾಯಿಸಿದೆ. ಅದು ತಪ್ಪಲ್ಲ, ಇಲ್ಲಿ ಎಲ್ಲರೂ ಮಾಡುವುದೇ. ತಪ್ಪಾದದ್ದು ಅದಾದ ಮೇಲೆ. ಸಂಕಲ್ಪಕ್ಕೆ ಗೋತ್ರ ಕೇಳಿದೆ, ಹೇಳಿದರು. ನಕ್ಷತ್ರ ಕೇಳಿದೆ, ಹೇಳಿದರು. ಹೆಸರು ಕೇಳಿದ ಕೂಡಲೇ ನನ್ನ ಬಾಯಿಂದ, "ಪೋಸ್ಟ್‌ಕೋಡ್?" ಎಂದು ಬಂದುಬಿಟ್ಟಿತು. ಯಾರಿಗೇ ಔಷಧಿ ಕೊಡುವಾಗಲೂ ಹೆಸರು ಕೇಳಿ ವಿಳಾಸ ಕೇಳುವುದು ನನ್ನ ನಾಲಿಗೆಗೆ ಅಂಟಿದ ಅಭ್ಯಾಸ. ಡಾಕ್ಟರರು ಕೈಯಲ್ಲಿ ನೀರು ಹಿಡಿದುಕೊಂಡೇ ಗಂಭೀರವಾಗಿ ಪೋಸ್ಟ್‌ಕೋಡ್ ಹೇಳಿದರು. ಕೋಣೆಯೆಲ್ಲ ನಗು. ಅಮ್ಮನವರು ಮಾತ್ರ ನಗಲಿಲ್ಲ. "ಕೇಳ್ಲಿ ಬಿಡ್ರೋ. ಇಷ್ಟು ದೂರ ಬಂದು ಕೂತಿದೀವಿ, ದೇವರಿಗೂ ವಿಳಾಸ ಬೇಡವಾ?" ಎಂದರು.

ಕಲಶ ಪೂಜೆ ಮುಗಿಯುವಾಗ ನನ್ನ ಕಣ್ಣು ಅಮ್ಮನವರ ಕೈಯ ಮೇಲೆ ಬಿತ್ತು. ಹೂ ಹಿಡಿದ ಬೆರಳು ನಡುಗುತ್ತಿತ್ತು. ನಾನು ಮಂತ್ರ ನಿಲ್ಲಿಸಿ, ದನಿಯನ್ನು ಸ್ವಲ್ಪ ಗಡುಸು ಮಾಡಿಕೊಂಡು, "ವಯಸ್ಸಾದವರು ಈಗ ದೇವರಿಗೆ ತೋರಿಸಿದ ಹಾಲು ಕುಡಿಯಬೇಕು, ಸಕ್ಕರೆ ಹಾಕಿ. ಕಥೆ ಆಮೇಲೆ" ಎಂದೆ. ಮಗ ಬೆಳಗಿನಿಂದ ಹೇಳಿದ್ದ ಮಾತೇ ಅದು. ಮಗ ಓದಿದ ಡಾಕ್ಟರ್, ನಾನು ಬದಲಿ ಪುರೋಹಿತ. ಆದರೆ ಅಮ್ಮನವರು ಲೋಟ ತೆಗೆದುಕೊಂಡು ಪೂರ್ತಿ ಕುಡಿದರು. ಡಾಕ್ಟರರು ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಅವರ ಕಣ್ಣು ತುಂಬಿತ್ತು. ನಾನು ಕಥೆಯ ಪುಟ ತೆರೆದೆ. ಐದೂ ಅಧ್ಯಾಯ ಓದಿದೆ, ಒಂದನ್ನೂ ಹಾರಿಸಲಿಲ್ಲ. ಮಾರನೆಯ ದಿನ ಅಮ್ಮನವರು ಹರಕೆ ತೀರಿದ ಸಂತೋಷದಲ್ಲಿ ಊರಿಗೆ ಹೋದರು.

ಇದಾದ ಮೇಲೆ ನಡೆದದ್ದು ಪವಾಡ. ಆ ವಾರವೇ ಡಾಕ್ಟರ್ ಸೀತಾರಾಮಯ್ಯನವರ ಸರ್ಜರಿಯಿಂದ ಬಂದ ಚೀಟಿಗೆ ಕೆಂಪು ಬೆಳಕು ಹಾಯಿಸಿದರೆ ಪರದೆಯ ಮೇಲೆ ಜೆನೆರಿಕ್ ಹೆಸರು! ನನಗೆ ನಂಬಿಕೆ ಬಾರದೆ ಇನ್ನೊಮ್ಮೆ ಹಾಯಿಸಿದೆ. ಫೋನ್ ಮಾಡಿದರೆ ಅವರು, "ನೀವು ಹೇಳ್ತಿದ್ದದ್ದು ಸರಿ ಇನಾಮದಾರ್ರೇ. ಅವತ್ತು ಭಟ್ಟರೇ ಬಂದಿದ್ರೂ ಇಷ್ಟೇ ತಾನೆ ಆಗ್ತಿದ್ದದ್ದು?" ಎಂದರು. ಆಗ ಅದು ನನಗೆ ಹೊಗಳಿಕೆಯಾಗಿ ಕೇಳಿಸಿತ್ತು.

ಪೂಜೆಯ ಸುದ್ದಿ ಹ್ಯಾರೋ, ವೆಂಬ್ಲಿಯ ಕನ್ನಡದವರಲ್ಲೆಲ್ಲ ಹಬ್ಬಿತು. ಭಟ್ಟರಿಗೆ ಪುರುಸೊತ್ತಿಲ್ಲದ ಕಡೆ ನನ್ನನ್ನು ಕರೆದರು. ಆಮೇಲೆ ಭಟ್ಟರಿಗೆ ಪುರುಸೊತ್ತಿದ್ದ ಕಡೆಯೂ ಕರೆದರು. "ಇನಾಮದಾರ್ರೇ ಬೇಕು, ಕಥೆ ಅವರ ಬಾಯಲ್ಲೇ ಕೇಳಬೇಕು" ಎಂದು ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ನಾನು ಊರಿನಿಂದ ಅಂಚಿರುವ ರೇಷ್ಮೆ ಮಡಿ ತರಿಸಿದೆ. ದನಿ ಕೆಡದಿರಲೆಂದು ಪೂಜೆಯ ಹಿಂದಿನ ದಿನ ತಣ್ಣೀರು ಕುಡಿಯುವುದನ್ನು ಬಿಟ್ಟೆ. ಶೇವ್ ಮಾಡಿಕೊಳ್ಳುವಾಗ ಕನ್ನಡಿಯ ಮುಂದೆ ಮಂತ್ರದ ದನಿ ಸರಿಮಾಡಿಕೊಳ್ಳುತ್ತಿದ್ದೆ. "ಏನ್ರೀ, ಅಂಗಡಿ ಮುಚ್ಚಿ ಮಠಾ ತಗೀತೀರೇನು?" ಎಂದು ಸುಧಾ ಕೇಳಿದಳು. ಸರಿಯಾಗಿಯೇ ಕೇಳಿದ್ದಳು, ಆದರೆ ನಾನು ಅದನ್ನು ಹೊಟ್ಟೆಕಿಚ್ಚು ಎಂದುಕೊಂಡೆ. ಪಾಪ, ಹೊಟ್ಟೆಕಿಚ್ಚಿಗೆ ಅವಳಿಗೆ ಪುರುಸೊತ್ತೆಲ್ಲಿತ್ತು!

ಕೆಲವು ವರ್ಷಗಳ ಮೇಲೆ ಪುಟ್ಟಲಕ್ಷ್ಮಮ್ಮನವರು ಮತ್ತೆ ಬಂದರು. ಡಾಕ್ಟರರು ಫೋನ್ ಮಾಡಿ, "ಭಾನುವಾರ ಸತ್ಯನಾರಾಯಣ ಇಟ್ಕೊಂಡಿದೀವಿ, ಮನೆಮಂದಿಯೆಲ್ಲ ಊಟಕ್ಕೆ ಬನ್ನಿ" ಎಂದರು. ನಾನು ಮುಂದಿನ ಮಾತಿಗೆ ಕಾದೆ. ಬರಲಿಲ್ಲ. "ಪೂಜೆ ಎಷ್ಟು ಹೊತ್ತಿಗೆ ಶುರುಮಾಡೋಣ ಸಾರ್?" ಎಂದು ನಾನೇ ಕೇಳಿದೆ. ಡಾಕ್ಟರರು ಬಹಳ ಪ್ರೀತಿಯಿಂದ ಹೇಳಿದರು: "ನಿಮಗ್ಯಾಕೆ ತೊಂದ್ರೆ ಅಂತ ಬೇರೆಯವರಿಗೆ ಹೇಳಿದೀನಿ. ಪ್ರಸನ್ನ ಅಂತ, ಕ್ಯಾನರಿ ವಾರ್ಫಿನ ಬ್ಯಾಂಕಲ್ಲಿ ಕೆಲಸ. ಈ ಸಲ ನಾನು ಯಾರ ಹೆಸರೂ ಹೇಳಲಿಲ್ಲ ನೋಡಿ. ಪೂಜೆ ಮಾಡಿಸೋರು ಯಾರಾದ್ರೂ ಒಬ್ಬರು ಬೇಕು ಅಂತ ಕನ್ನಡ ಸಂಘದವರಿಗೆ ಹೇಳಿದೆ, ಅವರು ಕಳಿಸ್ತಿದಾರೆ. ಯಾರಾದ್ರೇನು, ಒಳಗಿರೋದು ಒಂದೇ. ನೀವೇ ತಾನೆ ನನಗೆ ಕಲಿಸಿದ್ದು?"

ನಾನೇ ಕಲಿಸಿದ್ದು. "ಹೌದು ಸಾರ್, ಹೌದು" ಎಂದು ಫೋನ್ ಇಟ್ಟೆ.

ಭಾನುವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಪ್ರಸನ್ನನ ತಪ್ಪು ಹುಡುಕಿದೆ. ಮನುಷ್ಯ ತಪ್ಪು ಮಾಡಲಿಲ್ಲ. ಗೋತ್ರ, ನಕ್ಷತ್ರ ಕೇಳಿದ, ಪೋಸ್ಟ್‌ಕೋಡ್ ಕೇಳಲಿಲ್ಲ. ದನಿ ಚೆನ್ನಾಗಿತ್ತು. ಐದೂ ಅಧ್ಯಾಯ ಓದಿದ, ನನಗಿಂತ ಬೇಗ ಮುಗಿಸಿದ. ನಡುವೆ, "ಅಮ್ಮ, ನೀವು ಹಾಲು ತಗೋಬಹುದು" ಎಂದ. ಅಮ್ಮನವರು ತಗೊಂಡರು! ಅದು ನನ್ನ ಎದೆಗೆ ನಾಟಿತು. ಪ್ರಸಾದ ಕೊಡುವಾಗ ಅವರು ನನ್ನ ಕೈಗೆ ಎರಡು ಚಮಚ ಹೆಚ್ಚು ಹಾಕಿ, "ಅವತ್ತಿನ ಹಾಗೇ ಸಾಂಗವಾಗಿ ಆಯ್ತಲ್ಲಪ್ಪಾ" ಎಂದರು. ಆ ಪ್ರಸಾದ ಗಂಟಲಲ್ಲಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಕಾರಿನಲ್ಲಿ ಬರುವಾಗ ಸುಧಾ, "ಛಲೋ ಮಾಡಿಸಿದಾ, ಅಲ್ರೀ?" ಎಂದಳು.

"ಮಾಡಿಸಿದಾ. ಆದ್ರ ನನಗ ಒಗ್ಗಲಿಲ್ಲ" ಎಂದೆ.

 ನಗತೊಡಗಿದ ಸುಧಾ ಗ್ರೀನ್‌ಫರ್ಡ್ ಬರುವವರೆಗೂ ನಿಲ್ಲಿಸಲಿಲ್ಲ. "ನಿಮ್ಮ ಮಿಸೆಸ್ ಡಾಸನ್ ಕೂಡ ಹಿಂಗ ಅಂತಾರಲ್ರೀ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ಸೀಟಿನಲ್ಲಿ ಅನಘಾಳಿಗೂ ನಗು. ನಾನು ರಸ್ತೆಯ ಮೇಲೆ ಕಣ್ಣಿಟ್ಟು ಕಾರು ಓಡಿಸಿದೆ.

ಮಾರನೆಯ ದಿನ ಸೋಮವಾರ. ಮಿಸೆಸ್ ಡಾಸನ್ ಬಂದರು. ಡಬ್ಬಿ ಬಿಚ್ಚಿದರು. "ಇದು ಬಿಳಿ. ಬಿಳಿಯದು ನನಗೆ ಒಗ್ಗುವುದಿಲ್ಲ" ಎಂದರು. ಅವತ್ತು ಆ ಮಾತು ನನಗೆ ಬೇರೆಯಾಗಿಯೇ ಕೇಳಿಸಿತು. ಜೆನೆರಿಕ್ ಹೆಸರಿನ ಚೀಟಿಗೆ ಯಾವ ಕಂಪನಿಯದನ್ನಾದರೂ ಕೊಡಬಹುದು ಎಂದು ಊರಿಗೆಲ್ಲ ಹೇಳುವ ನಾನು, ಹಾಗಾದರೆ ಹಳದಿ ಕಂಪನಿಯದನ್ನೂ ಕೊಡಬಹುದಲ್ಲ ಎಂದು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ಒಂದು ಮಾತೂ ಆಡದೆ ಒಳಗೆ ಹೋಗಿ, ಕೆಳಗಿನ ಕಪಾಟಿನಿಂದ ಹಳದಿಯದನ್ನು ಹುಡುಕಿ ತಂದು ಅವರ ಮುಂದಿಟ್ಟೆ. "ಇನ್ನು ಮೇಲೆ ನಿಮಗೆ ಇದನ್ನೇ ಕೊಡುತ್ತೇನೆ" ಎಂದೆ.

ಮುದುಕಿಯ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವರು ಹಳದಿ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. "ನಿಮಗೆ ಮೈ ಹುಷಾರಿಲ್ಲವೇ?" ಎಂದರು.

"ಹುಷಾರಾಗಿದ್ದೇನೆ. ನೀವು ಕೇಳಿದ್ದು ಇದನ್ನೇ ಅಲ್ಲವೇ?"

"ಹಳದಿಯದೇ ಬೇಕಿದ್ದರೆ ನಾನು ಶನಿವಾರ ಬರುತ್ತಿದ್ದೆ. ಆ ಹುಡುಗಿ ಕೇಳಿದ ಕೂಡಲೇ ತೆಗೆದು ಕೊಡುತ್ತಾಳೆ, ಬಾಯಿ ಬಿಡುವುದಿಲ್ಲ. ಒಮ್ಮೆ ಬಂದಿದ್ದೆ." ಅವರು ಕೈಚೀಲವನ್ನು ಕೌಂಟರಿನ ಮೇಲೆ ಭದ್ರವಾಗಿ ಇಟ್ಟರು. "ಅವಳು ನನಗೆ ಒಗ್ಗಲಿಲ್ಲ. ಎಲ್ಲಿ, ನೀವು ಹೇಳಿ ನೋಡೋಣ, ಒಳಗಿರುವುದು ಒಂದೇ ಅಂತ ಹೇಳುತ್ತೀರಲ್ಲ, ಅದನ್ನು."

ಹಿಂದೆ ಇನ್ನೂ ಮೂರು ಜನ ಕಾಯುತ್ತಿದ್ದರು. ನಾನು ಕನ್ನಡಕ ಸರಿಮಾಡಿಕೊಂಡೆ, ಗಂಟಲು ಸರಿಮಾಡಿಕೊಂಡೆ, ಯಾವ ಅಧ್ಯಾಯವನ್ನೂ ಹಾರಿಸದೆ ಮೊದಲಿನಿಂದ ಶುರುಮಾಡಿದೆ.